ಒಂದೇ ಕೋಡಿಗೆ ಹತ್ತು ಅವತಾರ

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಳರಸ್ತೆಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಷಟರ್‌ಗಳು ಒಂದೊಂದಾಗಿ ಮೇಲೇಳುತ್ತವೆ. ಲೇತ್‌ಗಳ ಕಿರ್ರೆನ್ನುವ ಸದ್ದು, ಪೌಡರ್ ಕೋಟಿಂಗಿನ ಘಾಟು, ರಸ್ತೆಗೆ ಅಡ್ಡ ನಿಂತ ಗೂಡ್ಸ್ ಆಟೊ. ಇವುಗಳ ಮಧ್ಯೆ ಮೊದಲ ಮಹಡಿಗಳಲ್ಲಿ, ಅಷ್ಟೇನೂ ಸದ್ದು ಮಾಡದ ಎಲೆಕ್ಟ್ರಾನಿಕ್ಸ್ ಘಟಕಗಳೂ ಇವೆ. ಬೋರ್‌ವೆಲ್ ಮೋಟರುಗಳಿಗೆ ಸ್ಟಾರ್ಟರ್ ತಯಾರಿಸುವ ಅಂಥದೊಂದು ಘಟಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಜಿನ ಮೇಲಿನ ಟ್ರೇಯಲ್ಲಿ ಹಸಿರು ಬೋರ್ಡುಗಳು ಸಾಲಾಗಿವೆ, ಎಲ್ಲವೂ ತದ್ರೂಪಿ. ಸಂಜೆ ಲಾರಿ ಹತ್ತುವ ಡಬ್ಬಗಳು ಮಾತ್ರ ಬೇರೆ ಬೇರೆ. ಒಂದು, ಸಿಮ್ ಹಾಕಿಕೊಂಡು ಮನೆಯಿಂದಲೇ ಫೋನ್ ಮಾಡಿ ಮೋಟರ್ ಹಾಕುವ ಮಾದರಿ. ಇನ್ನೊಂದು ಸಿಮ್ಮಿಲ್ಲದ ಅಗ್ಗದ ಮಾದರಿ. ಕೆಲವು ತ್ರೀ ಫೇಸಿಗೆ, ಕೆಲವು ಸಿಂಗಲ್ ಫೇಸಿಗೆ. ಬೋರಿನಲ್ಲಿ ನೀರಿಲ್ಲದಾಗ ಮೋಟರ್ ಸುಡದಂತೆ ತಡೆಯುವ ಡ್ರೈ ರನ್ ರಕ್ಷಣೆ ಕೆಲವಕ್ಕುಂಟು, ಕೆಲವಕ್ಕಿಲ್ಲ.

ಊರಿನ ಇನ್ನೊಂದು ತುದಿಗೆ ಹೋದರೆ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಆ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿನಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅತ್ತ ವೈಟ್‌ಫೀಲ್ಡಿನಲ್ಲಿ, ಕಾರಿನ ಬ್ರೇಕಿಗೆ, ಎಂಜಿನ್ನಿಗೆ, ದೂರಸಂಪರ್ಕದ ಪೆಟ್ಟಿಗೆಗಳಿಗೆ ಸಾಫ್ಟ್‌ವೇರ್ ಬರೆಯುವ ಸಾವಿರಾರು ಜನರಿದ್ದಾರೆ. ಅಲ್ಲೂ ಕಂಟ್ರೋಲರ್ ಒಂದೇ, ಮಾದರಿ ಮಾತ್ರ ಹಲವು. ಬಲಗೈ ಸ್ಟೀರಿಂಗಿನ ದೇಶಕ್ಕೊಂದು, ಎಡಗೈ ಸ್ಟೀರಿಂಗಿನ ದೇಶಕ್ಕೊಂದು, ಸನ್‌ರೂಫ್ ಇರುವ ಕಾರಿಗೊಂದು, ಇಲ್ಲದ್ದಕ್ಕೊಂದು.

ಹಾಗಾದರೆ ಪ್ರತಿ ಮಾದರಿಗೂ ಬೇರೆ ಬೇರೆ ಸಾಫ್ಟ್‌ವೇರ್ ಬರೆಯುತ್ತಾರೆಯೇ? ಇಲ್ಲ. ಬರೆಯುವುದು ಒಂದೇ. ಬಹುಪಾಲು ಸಿ ಭಾಷೆಯಲ್ಲಿ. ಯಾವ ಸಾಲು ಯಾವ ಮಾದರಿಗೆ ಎಂದು ಅದರೊಳಗೇ ಗುರುತು ಹಾಕಿರುತ್ತಾರೆ. ಈ ಗುರುತುಗಳನ್ನು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂಬುದಕ್ಕೆ ಒಂದಿಷ್ಟು ಶಿಸ್ತು ಬೆಳೆದುಬಂದಿದೆ. ಹೊರಗಿನವರ ಕಣ್ಣಿಗೆ ಮಡಿ-ಮೈಲಿಗೆಯಂತೆ ಕಾಣುವ ಆ ಶಿಸ್ತಿನ ಹಿಂದೆ ಗಟ್ಟಿ ಕಾರಣಗಳಿವೆ.

ಕಂಪೈಲರಿಗೂ ಮುಂಚೆ ಓದುವವನು

ಮನುಷ್ಯರು ಬರೆದ ಸಿ ಕೋಡನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಇದು ಎಲ್ಲರಿಗೂ ಗೊತ್ತು. ಆದರೆ ಕಂಪೈಲರಿಗೂ ಮೊದಲು ಆ ಕೋಡನ್ನು ಓದುವವನೊಬ್ಬನಿದ್ದಾನೆ, ಅವನ ಹೆಸರು ಪ್ರೀಪ್ರೊಸೆಸರ್. ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲುಗಳೆಲ್ಲ ಇವನಿಗೆ ಮೀಸಲು. ‘ಇನ್‌ಕ್ಲೂಡ್’ ಎಂದರೆ ಬೇರೊಂದು ಫೈಲನ್ನು ಇಲ್ಲಿ ತಂದು ಅಂಟಿಸು. ‘ಡಿಫೈನ್’ ಎಂದರೆ ಈ ಹೆಸರಿಗೆ ಈ ಬೆಲೆ. ‘ಇಫ್‌ಡೆಫ್’ ಎಂದರೆ ಈ ಹೆಸರು ಈಗಾಗಲೇ ಇದ್ದರೆ ಮಾತ್ರ ಮುಂದಿನ ಸಾಲುಗಳನ್ನು ಉಳಿಸು, ಇಲ್ಲದಿದ್ದರೆ ‘ಎಂಡ್‌ಇಫ್’ ಬರುವವರೆಗೆ ಎಲ್ಲವನ್ನೂ ಎಸೆ. ‘ಇಫ್‌ಎನ್‌ಡೆಫ್’ ಇದರ ತಿರುಗುಮುರುಗು. ಹೀಗೆ ಷರತ್ತಿನ ಮೇಲೆ ಸಾಲುಗಳನ್ನು ಉಳಿಸುವ, ಎಸೆಯುವ ಪದ್ಧತಿಗೆ ಷರತ್ತುಬದ್ಧ ಕಂಪೈಲೇಷನ್ ಎನ್ನುತ್ತಾರೆ.

ನೀವು ಕೈಯಲ್ಲಿ ಹಿಡಿದಿರುವ ಪತ್ರಿಕೆಯನ್ನೇ ನೋಡಿ. ಹುಬ್ಬಳ್ಳಿಯ ಆವೃತ್ತಿಗೂ ಬೆಂಗಳೂರಿನ ಆವೃತ್ತಿಗೂ ಮುಖಪುಟದ ಬಹುಪಾಲು ಒಂದೇ, ಜಿಲ್ಲೆಯ ಪುಟಗಳು ಮಾತ್ರ ಬೇರೆ. ಬೆಂಗಳೂರಿನ ಓದುಗನಿಗೆ ಹುಬ್ಬಳ್ಳಿಯ ಪುಟ ಇದೆಯೆಂಬುದೇ ಗೊತ್ತಾಗುವುದಿಲ್ಲ. ಅದರಲ್ಲಿ ತಪ್ಪು ಅಚ್ಚಾಗಿದ್ದರೆ ಆತ ಹಿಡಿಯುವುದೂ ಇಲ್ಲ. ಪ್ರೀಪ್ರೊಸೆಸರ್ ಎಸೆದ ಸಾಲುಗಳ ಮಟ್ಟಿಗೆ ಕಂಪೈಲರ್ ಆ ಬೆಂಗಳೂರಿನ ಓದುಗನಿದ್ದಂತೆ. ಸಿಮ್ ಇಲ್ಲದ ಸ್ಟಾರ್ಟರಿಗೆ ಬಿಲ್ಡ್ ಮಾಡುವಾಗ ಸಿಮ್ಮಿಗೆ ಸಂಬಂಧಿಸಿದ ಕೋಡಿನಲ್ಲಿ ಏನೇ ಎಡವಟ್ಟಿದ್ದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಮುಂದೆ ಹೇಳುವ ಶಿಸ್ತುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ಸಂಗತಿಯಿಂದ.

ಬೆಲ್ ಲ್ಯಾಬ್ಸಿನ ಐಚ್ಛಿಕ ಅಂಗ

ಸಿ ಭಾಷೆಯನ್ನು ಡೆನಿಸ್ ರಿಚಿ ರೂಪಿಸಿದ್ದು ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ, 1970ರ ದಶಕದ ಆರಂಭದಲ್ಲಿ. ಪ್ರೀಪ್ರೊಸೆಸರ್ ಬಂದದ್ದು 1972-73ರ ಹೊತ್ತಿಗೆ, ಅಲನ್ ಸ್ನೈಡರ್ ಎಂಬವರ ಒತ್ತಾಯವೂ ಅದಕ್ಕೆ ಒಂದು ಕಾರಣ. ಮೊದಲಿಗೆ ಅದಕ್ಕೆ ಬರುತ್ತಿದ್ದದ್ದು ಎರಡೇ ಕೆಲಸ: ಫೈಲು ಸೇರಿಸುವುದು, ಹೆಸರಿಗೆ ಬದಲಾಗಿ ಬೆಲೆ ಕೂರಿಸುವುದು. ಷರತ್ತುಗಳು ಸೇರಿದ್ದು ಆಮೇಲೆ, ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅವರ ಕೈಯಿಂದ. ಇದನ್ನು ಭಾಷೆಯ ಅಂಗವೆಂದು ಯಾರೂ ಆಗ ಭಾವಿಸಿರಲಿಲ್ಲ. ಫೈಲಿನ ಆರಂಭದಲ್ಲಿ ವಿಶೇಷ ಗುರುತೊಂದು ಇದ್ದರೆ ಮಾತ್ರ ಪ್ರೀಪ್ರೊಸೆಸರನ್ನು ಕರೆಯುತ್ತಿದ್ದ ಕಾಲವೂ ಇತ್ತು.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ವಲಸೆ ಹೋಗತೊಡಗಿದಾಗ ಈ ಐಚ್ಛಿಕ ಅಂಗ ಅನಿವಾರ್ಯವಾಯಿತು. ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ. 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಸಿ ಭಾಷೆಗೆ ಅಧಿಕೃತ ಮಾನಕ ಕೊಟ್ಟಾಗ ಪ್ರೀಪ್ರೊಸೆಸರಿಗೂ ಖಾಯಂ ಜಾಗ ಸಿಕ್ಕಿತು. ಹಳೆಯ ಕಾಲದ ಒಂದು ಕುರುಹು ಈಗಲೂ ಕೆಲವು ಕೋಡುಗಳಲ್ಲಿ ಕಾಣುತ್ತದೆ. ಮಾನಕ ಬರುವ ಮುಂಚಿನ ಅನೇಕ ಪ್ರೀಪ್ರೊಸೆಸರುಗಳಿಗೆ ಹ್ಯಾಶ್ ಚಿಹ್ನೆ ಸಾಲಿನ ಮೊದಲ ಅಂಕಣದಲ್ಲೇ ಇರಬೇಕಿತ್ತು. ಹಾಗಾಗಿ ಷರತ್ತಿನೊಳಗೆ ಷರತ್ತು ಬಂದಾಗ ಹ್ಯಾಶನ್ನು ಎಡಕ್ಕೆ ಒತ್ತಿಟ್ಟು, ಅದರ ಮುಂದೆ ಖಾಲಿ ಜಾಗ ಬಿಟ್ಟು ಪದವನ್ನು ಒಳಗೆ ಸರಿಸುತ್ತಿದ್ದರು. ಆ ನಿರ್ಬಂಧ ಹೋಗಿ ದಶಕಗಳಾದವು, ಆ ರೂಢಿ ಇನ್ನೂ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ, ಓದುವುದಕ್ಕೆ ಅದು ಚೆನ್ನಾಗಿಯೇ ಇದೆ.

ಹೆಡರಿನ ಬಾಗಿಲಲ್ಲೊಂದು ಕಾವಲು

ಸಿ ಯೋಜನೆಯೊಂದರಲ್ಲಿ ಎರಡು ಬಗೆಯ ಫೈಲುಗಳಿರುತ್ತವೆ. ಕೆಲಸ ಮಾಡುವ ಕೋಡು ಸಿ ಫೈಲಿನಲ್ಲಿ. ಯಾರು ಏನು ಮಾಡಬಲ್ಲರು ಎಂಬ ಘೋಷಣೆ ಹೆಡರ್ ಫೈಲಿನಲ್ಲಿ. ಒಂದು ಹೆಡರನ್ನು ಹತ್ತಾರು ಕಡೆ ಸೇರಿಸುತ್ತಾರೆ, ಒಂದರ ಮೂಲಕ ಇನ್ನೊಂದು, ಅದರ ಮೂಲಕ ಮತ್ತೊಂದು ಒಳಗೆ ಬರುತ್ತವೆ. ಹೀಗಾಗಿ ಒಂದೇ ಹೆಡರ್ ಒಂದೇ ಕಂಪೈಲಿನಲ್ಲಿ ಎರಡು ಸಲ ನುಗ್ಗುವುದು ಮಾಮೂಲು. ಆಗ ಕಂಪೈಲರ್ ‘ಇದನ್ನು ಆಗಲೇ ಹೇಳಿದ್ದೀರಿ’ ಎಂದು ಮುನಿದು ಕೂರುತ್ತದೆ.

ಇದಕ್ಕೆ ಪರಿಹಾರ ಇನ್‌ಕ್ಲೂಡ್ ಗಾರ್ಡ್. ಹೆಡರಿನ ಮೊದಲ ಸಾಲು ‘ಇಫ್‌ಎನ್‌ಡೆಫ್ ಪಂಪ್_ಎಚ್’, ಎರಡನೆಯದು ‘ಡಿಫೈನ್ ಪಂಪ್_ಎಚ್’, ಕೊನೆಯ ಸಾಲು ‘ಎಂಡ್‌ಇಫ್’. ಮೊದಲ ಸಲ ಬಂದಾಗ ಆ ಹೆಸರು ಇರುವುದಿಲ್ಲ, ಬಾಗಿಲು ತೆರೆಯುತ್ತದೆ, ಒಳಬರುತ್ತಲೇ ಹೆಸರು ದಾಖಲಾಗುತ್ತದೆ. ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ಗಾರ್ಡಿನ ಹೊರಗೆ ಟಿಪ್ಪಣಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಜಿಸಿಸಿ ಕಂಪೈಲರ್ ಇದನ್ನು ಗುರುತು ಹಿಡಿದು, ಎರಡನೇ ಸಲ ಆ ಫೈಲನ್ನು ತೆರೆಯುವ ಗೋಜಿಗೇ ಹೋಗುವುದಿಲ್ಲ. ಶಿಸ್ತಿಗೆ ಸಿಗುವ ಪುಟ್ಟ ಬಹುಮಾನವಿದು.

ಇಲ್ಲಿ ಎಡವುವ ಜಾಗಗಳೂ ಇವೆ. ಒಂದು ಹೆಡರನ್ನು ನಕಲು ಮಾಡಿ ಇನ್ನೊಂದನ್ನು ಹುಟ್ಟಿಸುವಾಗ ಗಾರ್ಡಿನ ಹೆಸರು ಬದಲಿಸಲು ಮರೆತರೆ, ಮೊದಲನೆಯದು ಬಂದ ಮೇಲೆ ಎರಡನೆಯದು ಸದ್ದಿಲ್ಲದೆ ಮಾಯ. ಇನ್ನು ಹೆಸರಿನ ಮುಂದೆ ಅಡಿಗೆರೆ ಹಾಕುವ ಚಟ. ಅಡಿಗೆರೆ ಮತ್ತು ದೊಡ್ಡಕ್ಷರದಿಂದ ಶುರುವಾಗುವ ಹೆಸರುಗಳನ್ನು ಸಿ ಮಾನಕವು ಕಂಪೈಲರ್ ಮತ್ತು ಅದರ ಲೈಬ್ರರಿಗೆಂದೇ ಕಾದಿರಿಸಿದೆ. ಆದರೂ ಈ ಚಟ ನಮ್ಮಲ್ಲಿ ಎಷ್ಟು ಹಬ್ಬಿದೆಯೆಂದರೆ, ಅಡಿಗೆರೆ ಇಲ್ಲದ ಗಾರ್ಡ್ ಕಂಡರೆ ಹೊಸಬರು ಅನುಮಾನಪಡುತ್ತಾರೆ. ‘ಪ್ರಾಗ್ಮಾ ಒನ್ಸ್’ ಎಂಬ ಒಂದೇ ಸಾಲಿನ ಪರ್ಯಾಯವನ್ನು ಇಂದಿನ ಹೆಚ್ಚಿನ ಕಂಪೈಲರುಗಳು ಒಪ್ಪುತ್ತವೆ. ಮಾನಕದಲ್ಲಿ ಮಾತ್ರ ಅದಿಲ್ಲ.

ಸೊನ್ನೆಗೆ ಸೊನ್ನೆ ಸಮ

ಇನ್ನು ನಿಜವಾದ ಅಪಾಯದ ಮಾತು. ಸಿಮ್ ಇಲ್ಲದ ಮಾದರಿಗಾಗಿ ಒಬ್ಬರು ‘ಡಿಫೈನ್ ಸಿಮ್ 0’ ಎಂದು ಬರೆದರು ಎನ್ನಿ. ಸೊನ್ನೆ ಎಂದರೆ ಇಲ್ಲ ಎಂದೇ ಅವರ ಎಣಿಕೆ. ಕೋಡಿನೊಳಗೆ ಇನ್ನೊಬ್ಬರು ‘ಇಫ್‌ಡೆಫ್ ಸಿಮ್’ ಎಂದು ಕೇಳಿದ್ದಾರೆ. ಇಫ್‌ಡೆಫ್ ಬೆಲೆಯನ್ನು ನೋಡುವುದೇ ಇಲ್ಲ, ಹೆಸರು ಇದೆಯೇ ಎಂದಷ್ಟೇ ನೋಡುತ್ತದೆ. ಹೆಸರು ಇದೆ. ಸಿಮ್ಮಿನ ಕೋಡು ಪೂರ್ತಿ ಒಳಗೆ ಬಂತು.

ಸರಿ, ಇಫ್‌ಡೆಫ್ ಬೇಡ, ಬೆಲೆಯನ್ನೇ ಕೇಳೋಣ ಎಂದರೆ ಅಲ್ಲಿ ಇನ್ನೊಂದು ಗುಂಡಿ. ಬೆಲೆ ಕೇಳುವ ‘ಇಫ್’ ಸಾಲಿನಲ್ಲಿ ಪ್ರೀಪ್ರೊಸೆಸರಿಗೆ ಗೊತ್ತಿಲ್ಲದ ಹೆಸರು ಬಂದರೆ ಅದು ತಪ್ಪೆಂದು ಹೇಳುವುದಿಲ್ಲ. ಅದರ ಬೆಲೆ ಸೊನ್ನೆ ಎಂದು ತಾನೇ ಹಿಡಿದುಕೊಳ್ಳುತ್ತದೆ. ಕಾರಿನ ಸಾಫ್ಟ್‌ವೇರಿಗೆ ಸಮಾನ ಚೌಕಟ್ಟು ಕೊಡಲು 2003ರಲ್ಲಿ ಹುಟ್ಟಿದ ಆಟೊಸಾರ್ ಕೂಟದ ಕ್ರಮವನ್ನೇ ತೆಗೆದುಕೊಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ವಾಹನ ವಿಭಾಗಗಳಲ್ಲಿ ಇದು ನಿತ್ಯದ ಊಟ. ಅಲ್ಲಿ ಸ್ವಿಚ್ಚುಗಳ, ಅಂದರೆ ಒಂದು ಭಾಗ ಬೇಕೋ ಬೇಡವೋ ಎಂದು ಹೇಳುವ ಇಂಥ ಹೆಸರುಗಳ, ಬೆಲೆಗೆ ಎರಡು ಹೆಸರುಗಳಿವೆ: ಎಸ್‌ಟಿಡಿ_ಆನ್, ಎಸ್‌ಟಿಡಿ_ಆಫ್. ಮೊದಲನೆಯದು ಒಂದು, ಎರಡನೆಯದು ಸೊನ್ನೆ. ಎರಡನ್ನೂ ಸ್ಟ್ಯಾಂಡರ್ಡ್ ಟೈಪ್ಸ್ ಎಂಬ ಹೆಡರ್ ಕೊಡುತ್ತದೆ. ಕೋಡಿನಲ್ಲಿ ‘ಈ ಸ್ವಿಚ್ಚು ಎಸ್‌ಟಿಡಿ_ಆನ್‌ಗೆ ಸಮವೇ?’ ಎಂದು ಕೇಳುತ್ತಾರೆ. ನೋಡಲು ಬಲು ಅಚ್ಚುಕಟ್ಟು.

ಈಗ ಆ ಹೆಡರನ್ನೂ, ಸ್ವಿಚ್ಚಿನ ಬೆಲೆ ಇರುವ ಕಾನ್ಫಿಗರೇಷನ್ ಹೆಡರನ್ನೂ ಸೇರಿಸಲು ಯಾರೋ ಮರೆತಿದ್ದಾರೆ. ಸ್ವಿಚ್ಚು ಯಾರೆಂದು ಗೊತ್ತಿಲ್ಲ, ಆದ್ದರಿಂದ ಸೊನ್ನೆ. ಎಸ್‌ಟಿಡಿ_ಆನ್ ಯಾರೆಂದೂ ಗೊತ್ತಿಲ್ಲ, ಅದೂ ಸೊನ್ನೆ. ಸೊನ್ನೆ ಸೊನ್ನೆಗೆ ಸಮವೇ? ಸಮ. ಆಫ್ ಇರಬೇಕಾದ ಕೋಡು ಆನ್ ಆಯಿತು. ತಪ್ಪಿನ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಈ ಎಡವಟ್ಟನ್ನು ಹಿಡಿಯಲು ಕೂತವರು ಕೋಡನ್ನು ಎಷ್ಟು ಸಲ ಓದಿದರೂ ಸಿಗುವುದಿಲ್ಲ, ಏಕೆಂದರೆ ಆ ಸಾಲಿನಲ್ಲಿ ತಪ್ಪೇ ಇಲ್ಲ. ತಪ್ಪಿರುವುದು ಬರೆಯದೇ ಹೋದ ಸಾಲಿನಲ್ಲಿ.

ಬ್ರಿಟನ್ನಿನ ವಾಹನ ಉದ್ಯಮದಿಂದ 1998ರಲ್ಲಿ ಹೊರಬಂದ ಮಿಸ್ರಾ ಸಿ ನಿಯಮಾವಳಿ ಇಂಥವಕ್ಕೇ ಬೇಲಿ ಹಾಕಿದೆ. ಅದರ 2012ರ ಆವೃತ್ತಿಯ ನಿಯಮ 20.9ರ ಪ್ರಕಾರ ‘ಇಫ್’ ಸಾಲಿನಲ್ಲಿ ಬರುವ ಪ್ರತಿ ಹೆಸರೂ ಅದಕ್ಕೆ ಮುಂಚೆಯೇ ಡಿಫೈನ್ ಆಗಿರಬೇಕು. ನಿಯಮ 20.14ರ ಪ್ರಕಾರ ಒಂದು ಫೈಲಿನಲ್ಲಿ ತೆರೆದ ಷರತ್ತು ಅದೇ ಫೈಲಿನಲ್ಲಿ ಮುಗಿಯಬೇಕು. ಹೆಡರ್ ಎರಡು ಸಲ ನುಗ್ಗದಂತೆ ತಡೆಯಬೇಕೆಂಬುದು ಅದೇ ಪುಸ್ತಕದ 4.10ನೇ ನಿರ್ದೇಶನ. ಮಿಸ್ರಾ ಪರಿಶೀಲಕ ಕೊಳ್ಳಲು ಹಣವಿಲ್ಲದ ಪೀಣ್ಯದ ಸಣ್ಣ ಘಟಕಕ್ಕೂ ದಾರಿಯಿದೆ: ಜಿಸಿಸಿಯಲ್ಲಿ ‘ಡಬ್ಲ್ಯು-ಅನ್‌ಡೆಫ್’ ಎಂಬ ಆಯ್ಕೆ ಕೊಟ್ಟರೆ ಗೊತ್ತಿಲ್ಲದ ಹೆಸರು ಕಂಡ ಕೂಡಲೇ ಅದು ಎಚ್ಚರಿಸುತ್ತದೆ. ಕಾಸು ಖರ್ಚಿಲ್ಲ. ಇದನ್ನು ಹಾಕದೆ ಬಿಲ್ಡ್ ಮಾಡುವವರಿಗೆ ಸಬೂಬು ಉಳಿದಿಲ್ಲ.

ಸಿ ಬರೆಯುವವರ ಲೋಕದಲ್ಲಿ ಎರಡು ಪಂಥಗಳಿವೆ. ಸ್ವಿಚ್ಚಿಗೆ ಯಾವಾಗಲೂ ಒಂದು ಅಥವಾ ಸೊನ್ನೆ ಕೊಟ್ಟು ‘ಇಫ್’ನಿಂದ ಕೇಳಬೇಕು ಎನ್ನುವವರು ಒಂದು ಕಡೆ. ಬೇಕಾದರೆ ಹೆಸರು ಇರಲಿ, ಬೇಡವಾದರೆ ಹೆಸರೇ ಇಲ್ಲದಿರಲಿ ಎನ್ನುವವರು ಇನ್ನೊಂದು ಕಡೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಎರಡನೇ ಪಂಥದ್ದು. ನನ್ನ ಮತ ಮೊದಲನೆಯದಕ್ಕೆ, ಏಕೆಂದರೆ ಅಲ್ಲಿ ಕಾಗುಣಿತ ತಪ್ಪಿದರೆ ಯಂತ್ರಕ್ಕೇ ಗೊತ್ತಾಗುವಂತೆ ಮಾಡಬಹುದು. ಎರಡನ್ನೂ ಒಂದೇ ಯೋಜನೆಯಲ್ಲಿ ಬೆರೆಸುವುದಂತೂ ಯಾವ ಪಂಥದವರಿಗೂ ಒಪ್ಪಿಗೆಯಿಲ್ಲ.

ಷರತ್ತು ಹೆಡರಿನಲ್ಲಿ, ಕೆಲಸ ಸಿ ಫೈಲಿನಲ್ಲಿ

1992ರಲ್ಲಿ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕೋಲಿಯರ್ ಯುಸೆನಿಕ್ಸ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಇಫ್‌ಡೆಫ್ ಹಾನಿಕರ ಎಂಬುದೇ ಅದರ ತಲೆಬರಹ. ಸಿ ನ್ಯೂಸ್ ಎಂಬ ತಂತ್ರಾಂಶವನ್ನು ಬಗೆಬಗೆಯ ಯುನಿಕ್ಸ್ ಯಂತ್ರಗಳಿಗೆ ಒಗ್ಗಿಸಿದ ಅನುಭವದಿಂದ ಅವರು ಕಂಡುಕೊಂಡದ್ದು ಇಷ್ಟು: ಯಂತ್ರ ಯಂತ್ರದ ನಡುವಿನ ವ್ಯತ್ಯಾಸವನ್ನು ಕೋಡಿನ ತುಂಬ ಇಫ್‌ಡೆಫ್ ಚೆಲ್ಲಿ ನಿಭಾಯಿಸಲು ಹೋದರೆ ಕೊನೆಗೆ ಆ ಕೋಡನ್ನು ಓದುವುದೇ ಆಗದು. ವ್ಯತ್ಯಾಸವನ್ನು ಒಂದು ಫಂಕ್ಷನ್ನಿನ ಹಿಂದೆ ಅಡಗಿಸಿ, ಉಳಿದ ಕೋಡು ಅದನ್ನು ಸುಮ್ಮನೆ ಕರೆಯಲಿ.

ಲಿನಕ್ಸ್ ಕರ್ನಲ್ಲಿನ ಶೈಲಿ ಕೈಪಿಡಿಯಲ್ಲಿ ಷರತ್ತುಬದ್ಧ ಕಂಪೈಲೇಷನ್ನಿಗೆಂದೇ ಒಂದು ಭಾಗವಿದೆ, ಅದರ ಸಾರವೂ ಇದೇ. ಸಾಧ್ಯವಿದ್ದಲ್ಲೆಲ್ಲ ಷರತ್ತುಗಳನ್ನು ಸಿ ಫೈಲಿನಲ್ಲಿ ಇಡಬೇಡಿ, ಹೆಡರಿಗೆ ತನ್ನಿ. ನಮ್ಮ ಸ್ಟಾರ್ಟರಿನಲ್ಲಿ ಇದು ಹೀಗೆ ಕಾಣುತ್ತದೆ. ಹೆಡರಿನಲ್ಲಿ ಒಂದೇ ಒಂದು ಷರತ್ತು: ಸಿಮ್ ಇದ್ದರೆ ‘ಸಂದೇಶ ಕಳಿಸು’ ಎಂಬ ನಿಜವಾದ ಫಂಕ್ಷನ್ನಿನ ಘೋಷಣೆ, ಇಲ್ಲದಿದ್ದರೆ ಅದೇ ಹೆಸರಿನ, ಏನೂ ಮಾಡದ ಖಾಲಿ ಫಂಕ್ಷನ್. ಸಿ ಫೈಲಿನಲ್ಲಿ ಮೋಟರ್ ನಿಂತಾಗ ‘ಸಂದೇಶ ಕಳಿಸು’ ಎಂದು ಬರೆದರೆ ಮುಗಿಯಿತು. ಸಿಮ್ ಇರಲಿ ಬಿಡಲಿ, ಆ ಸಾಲು ಹಾಗೇ ಇರುತ್ತದೆ. ಖಾಲಿ ಫಂಕ್ಷನ್ನನ್ನು ಕಂಪೈಲರ್ ತಾನೇ ಅಳಿಸಿಹಾಕುವುದರಿಂದ ಚಿಪ್ಪಿನಲ್ಲಿ ಜಾಗವೂ ಹಾಳಾಗದು.

ಅದೇ ಕೈಪಿಡಿ ‘ಈಸ್_ಎನೇಬಲ್ಡ್’ ಎಂಬ, ಡಿಫೈನ್ ಮೂಲಕ ಕಟ್ಟಿದ ಮ್ಯಾಕ್ರೊವನ್ನೂ ಶಿಫಾರಸು ಮಾಡುತ್ತದೆ. ಪ್ರೀಪ್ರೊಸೆಸರಿನ ಷರತ್ತಿನ ಬದಲು ಸಿ ಭಾಷೆಯ ಸಾಧಾರಣ ಷರತ್ತಿನೊಳಗೆ ಅದನ್ನು ಬರೆಯಬಹುದು. ಆಗ ಕಂಪೈಲರ್ ಆ ಭಾಗವನ್ನು ಪೂರ್ತಿ ಓದಿ, ವ್ಯಾಕರಣ ನೋಡಿ, ಹೆಸರುಗಳನ್ನು ತಾಳೆ ಹಾಕಿದ ಮೇಲೆ ಬೇಡವಾದರೆ ಬಿಸಾಡುತ್ತದೆ. ಇಫ್‌ಡೆಫ್ ಆದರೆ ಓದದೇ ಬಿಸಾಡುತ್ತದೆ. ಈ ಲೇಖನದಿಂದ ಒಂದೇ ಒಂದು ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ ಎಂದು ನಾನು ಹೇಳುತ್ತೇನೆ.

ಮೂರು ಸಾಲಿಗಿಂತ ಉದ್ದದ ಷರತ್ತಿನ ಕೊನೆಯ ‘ಎಂಡ್‌ಇಫ್’ ಪಕ್ಕದಲ್ಲಿ ಇದು ಯಾವುದರ ಅಂತ್ಯ ಎಂದು ಟಿಪ್ಪಣಿ ಬರೆಯುವುದು ಇನ್ನೊಂದು ಒಳ್ಳೆಯ ರೂಢಿ. ಪರದೆಯ ತಳದಲ್ಲಿ ಬರೀ ‘ಎಂಡ್‌ಇಫ್’ಗಳು ಸಾಲುಗಟ್ಟಿ ನಿಂತಿದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಟಿಪ್ಪಣಿಯ ಗುರುತಿಲ್ಲದೆ ಹೆಸರನ್ನು ಹಾಗೇ ಬರೆದರೆ ಮಾನಕ ಒಪ್ಪದು, ಜಿಸಿಸಿ ಗೊಣಗುತ್ತದೆ.

33 ಸ್ವಿಚ್ಚುಗಳ ಲೆಕ್ಕ

ಒಂದು ಸ್ವಿಚ್ಚು ಎಂದರೆ ಎರಡು ಅವತಾರ. ಹತ್ತು ಸ್ವಿಚ್ಚುಗಳಿಗೆ 1,024. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 33 ಸ್ವಿಚ್ಚುಗಳಿದ್ದರೆ ಸುಮಾರು 859 ಕೋಟಿ, ಭೂಮಿಯ ಮೇಲಿನ ಪ್ರತಿ ಮನುಷ್ಯನಿಗೂ ಒಂದೊಂದು ಹಂಚಿ ಮಿಗುವಷ್ಟು. ಲಿನಕ್ಸ್ ಕರ್ನಲ್ಲಿನಲ್ಲಿ ಇಂಥ ಆಯ್ಕೆಗಳು ಹತ್ತು ಸಾವಿರಕ್ಕೂ ಹೆಚ್ಚು. ಎಲ್ಲವನ್ನೂ ಪರೀಕ್ಷಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಅಲ್ಲಿ ಸ್ವಿಚ್ಚುಗಳನ್ನು ಯದ್ವಾತದ್ವಾ ಹಾಕಿ ಬಿಲ್ಡ್ ಮಾಡಿ ನೋಡುವ ‘ರ‍್ಯಾಂಡ್‌ಕಾನ್ಫಿಗ್’ ಎಂಬ ಏರ್ಪಾಡಿದೆ. ಲಾಟರಿಯಂತೆ ಕಂಡರೂ ತಪ್ಪುಗಳನ್ನು ಹೆಕ್ಕುತ್ತದೆ.

ಸ್ವಿಚ್ಚು ಆಪದ್ಬಾಂಧವನಾದದ್ದೂ ಉಂಟು. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಜಗತ್ತಿನ ಸರ್ವರುಗಳ ಗುಟ್ಟುಗಳು ಸೋರುತ್ತಿದ್ದವು. ಹೊಸ ಆವೃತ್ತಿಗೆ ಕೂಡಲೇ ಹೋಗಲಾರದವರಿಗೆ ಸಿಕ್ಕ ಸಲಹೆ, ಹಾರ್ಟ್‌ಬೀಟ್ ಬೇಡ ಎಂಬ ಸ್ವಿಚ್ಚು ಕೊಟ್ಟು ಮರುಕಂಪೈಲ್ ಮಾಡಿ ಎಂಬುದು. ದೋಷವಿದ್ದ ಹಾರ್ಟ್‌ಬೀಟ್ ಭಾಗವೇ ಹೊರಗುಳಿಯಿತು.

ಅದೇ ಪ್ರಕರಣದ ಇನ್ನೊಂದು ಮುಖ ಬೇರೆ. ಓಪನ್‌ಬಿಎಸ್‌ಡಿ ತಂಡ ಆ ಕೋಡನ್ನು ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂಬ ಕವಲು ಮಾಡಲು ಕೂತಾಗ ವಿಎಂಎಸ್, ಓಎಸ್/2, ನೆಟ್‌ವೇರ್ ಕಾಲದ ಷರತ್ತುಗಳು ಪದರ ಪದರವಾಗಿ ಸಿಕ್ಕವು. ಮೊದಲ ವಾರದಲ್ಲೇ ಸುಮಾರು 90,000 ಸಾಲು ಸಿ ಕೋಡನ್ನು ಕಿತ್ತುಹಾಕಿದರು. ಸತ್ತ ಯಂತ್ರಗಳಿಗಾಗಿ ಇಟ್ಟುಕೊಂಡ ಸಾಲುಗಳು ಬದುಕಿರುವ ಸಾಲುಗಳನ್ನು ಓದದಂತೆ ಮಾಡಿದ್ದವು.

ತೆಗೆಯುವವರಿಲ್ಲದ ಸ್ವಿಚ್ಚುಗಳು

ಬೆಂಗಳೂರಿನ ಹೊರವಲಯದ ಕಂಪನಿಗಳಲ್ಲಿ ಹೀಗೆ ಉಳಿದುಹೋದ ಸಾಲುಗಳ ಸ್ಥಳೀಯ ರೂಪವೊಂದಿದೆ. ಇಲ್ಲಿ ಕೋಡು ಹುಟ್ಟುವುದಕ್ಕಿಂತ ಕೈ ಬದಲಾಗುವುದೇ ಹೆಚ್ಚು. ಹೊರದೇಶದ ತಂಡ ಬರೆದದ್ದು ವೈಟ್‌ಫೀಲ್ಡಿಗೆ ಬರುತ್ತದೆ, ಅಲ್ಲಿ ಬರೆದವರು ಎರಡು ವರ್ಷಕ್ಕೆ ಕೆಲಸ ಬದಲಿಸಿ ಸರ್ಜಾಪುರ ರಸ್ತೆಗೆ ಹೋಗುತ್ತಾರೆ. ಪೀಣ್ಯದಲ್ಲಂತೂ ಫರ್ಮ್‌ವೇರ್ ಬರೆದ ಹುಡುಗ ಹೋದರೆ ಕೋಡಿನ ಒಡಲು ಬಲ್ಲವರೇ ಉಳಿಯುವುದಿಲ್ಲ. ಉಳಿದವರಿಗೆ ಒಂದು ಸ್ವಿಚ್ಚು ಯಾಕಿದೆ ಎಂದು ಗೊತ್ತಿಲ್ಲ, ತೆಗೆದರೆ ಏನಾಗುವುದೋ ಎಂಬ ಅಂಜಿಕೆ. ಆದ್ದರಿಂದ ಅದನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದು ಸೇರಿಸುತ್ತಾರೆ. ‘ಇಫ್ 0’ ಎಂದು ಬರೆದು ಹಳೆ ಕೋಡನ್ನು ಅಲ್ಲೇ ಮಲಗಿಸುವವರೂ ಇದ್ದಾರೆ. ಹಳೆಯದನ್ನು ಜೋಪಾನ ಮಾಡಲು ಗಿಟ್ ಇರುವಾಗ ಇದಕ್ಕೆ ಅರ್ಥವಿಲ್ಲ.

ವಾಹನಗಳ ಉದಾಹರಣೆ ನೋಡಿ. 2020ರ ಏಪ್ರಿಲ್ 1ರಂದು ದೇಶದ ಹೊಸ ವಾಹನಗಳು ಬಿಎಸ್-4 ಹೊಗೆ ಮಾನಕದಿಂದ ನೇರ ಬಿಎಸ್-6ಕ್ಕೆ ಜಿಗಿದವು. ಅಂದಿನಿಂದ ಹೊಸ ಕೋಡಿನಲ್ಲಿ ಬಿಎಸ್-4 ಷರತ್ತುಗಳಿಗೆ ಕೆಲಸವಿಲ್ಲ. ರಸ್ತೆಯ ಮೇಲಿನ ಹಳೆಯ ಗಾಡಿಗಳಿಗೆ ಸರ್ವಿಸ್ ಬೇಕಲ್ಲ ಎಂಬ ವಾದ ಸರಿಯೇ. ಆದರೆ ಆ ಸಾಲುಗಳು ಇರಬೇಕಾದ್ದು ಹಳೆಯ ಆವೃತ್ತಿಯ ಕವಲಿನಲ್ಲಿ, ಮುಂದಿನ ವರ್ಷದ ಕಾರಿನ ಹೆಡರಿನಲ್ಲಲ್ಲ. ಹಳೆಯ ಷರತ್ತುಗಳನ್ನು ಕತ್ತರಿಸಲು ‘ಅನ್‌ಇಫ್‌ಡೆಫ್’ ಎಂಬ ಪುಟ್ಟ ಸಲಕರಣೆಯೇ ಇದೆ, ಲಿನಕ್ಸ್ ಕರ್ನಲ್ ತನ್ನ ಹೆಡರುಗಳನ್ನು ಹೊರಗಿನವರಿಗೆ ಕೊಡುವಾಗ ಅದನ್ನೇ ಬಳಸುತ್ತದೆ. ಪ್ರತಿ ಸ್ವಿಚ್ಚಿನ ಪಕ್ಕದಲ್ಲಿ ಇದು ಯಾಕೆ ಬಂತು, ಯಾವ ಆವೃತ್ತಿಯಲ್ಲಿ ಹೋಗಬೇಕು ಎಂದು ಒಂದು ಸಾಲು ಬರೆದಿಡುವುದನ್ನು ನಮ್ಮ ಕಂಪನಿಗಳು ಕೋಡ್ ರಿವ್ಯೂನಲ್ಲೇ ಕಡ್ಡಾಯ ಮಾಡಬೇಕು.

ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷವೇ ಸಿ ಕಲಿಸುತ್ತಾರೆ. ಪ್ರಯೋಗಾಲಯದ ಪ್ರೋಗ್ರಾಂಗಳು ಬಹುಮಟ್ಟಿಗೆ ಒಂದೇ ಫೈಲಿನಲ್ಲಿ ಮುಗಿಯುತ್ತವೆ. ಹಾಗಾಗಿ ಸ್ವಂತ ಹೆಡರ್ ಬರೆಯುವ ಪ್ರಮೇಯವೇ ಮಕ್ಕಳಿಗೆ ಬರುವುದಿಲ್ಲ, ಈ ಶಿಸ್ತಿನ ಪರಿಚಯವೂ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಸಿ ಕಲಿಯುತ್ತಿರುವವರಿದ್ದರೆ ಇವತ್ತೇ ಒಂದು ಪ್ರಯೋಗ ಮಾಡಿಸಿ. ಒಂದು ಇನ್‌ಕ್ಲೂಡ್ ಇರುವ, ಐದು ಸಾಲಿನ ಯಾವುದಾದರೂ ಪ್ರೋಗ್ರಾಂ ಬರೆದು, ಜಿಸಿಸಿಗೆ ಹೈಫನ್ ಮತ್ತು ದೊಡ್ಡಕ್ಷರದ ‘ಇ’ ಆಯ್ಕೆ ಕೊಟ್ಟು ಓಡಿಸಲಿ. ಪ್ರೀಪ್ರೊಸೆಸರ್ ತನ್ನ ಕೆಲಸ ಮುಗಿಸಿ ಕಂಪೈಲರಿನ ಕೈಗೆ ಕೊಡುವ ಪಠ್ಯ ಪರದೆಯ ಮೇಲೆ ನೂರಾರು ಸಾಲುಗಳಾಗಿ ಉರುಳುತ್ತದೆ. ಒಂದು ಇಫ್‌ಡೆಫ್ ಹಾಕಿ, ತೆಗೆದು, ಯಾವ ಸಾಲು ಉಳಿಯಿತು, ಯಾವುದು ಹೋಯಿತು ಎಂದು ಅಲ್ಲೇ ನೋಡಲಿ. ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಇದ್ದರೆ ಹತ್ತು ನಿಮಿಷದ ಕೆಲಸ.